ಬೆಳಕು ನಿಲ್ಲಿಸುವ ವರ

ರೋಣದಿಂದ ಕನ್ಯೆ ನೋಡಲು ಬಂದ ಶರತನ ಮುಂದೆ ಉಪ್ಪಿಟ್ಟಿನ ತಾಟು ಸರಿಸುತ್ತ, ಮಧುಮತಿಯ ಅಪ್ಪ ಮಹಾದೇವಪ್ಪ ಉದ್ಯೋಗ ಏನೆಂದು ಕೇಳಿದ. ಧಾರವಾಡದ ಪ್ರಯೋಗಶಾಲೆಯೊಂದರಲ್ಲಿ ಸಂಶೋಧನೆ, ಓಡುವ ಬೆಳಕನ್ನು ಒಂದು ಕಡೆ ನಿಲ್ಲಿಸಲು ನೋಡುತ್ತಿದ್ದೇವೆ ಅಂದ ವರ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಳಗಿದ್ದ ಮಧುಮತಿ ಬೇಡ ಅನ್ನಲೆಂದೇ ಕುಳಿತಿದ್ದಳು. ತನ್ನೂರು ಗಜೇಂದ್ರಗಡ ಬಿಟ್ಟಾಳು, ತಾನು ನೇಯುವ ಮಗ್ಗ ಬಿಟ್ಟಿರುವುದು ಅವಳಿಂದಾಗದು. ಆದರೂ ಆ ಮಾತು ಕಿವಿಗೆ ಬಿದ್ದದ್ದೇ ಮನಸ್ಸು ಎತ್ತಲೋ ಹೋಯಿತು. ಬೆಳಕು ನಿಂತರೆ ಹೇಗಿದ್ದೀತು? ಕೆರೆಯ ನೀರಿನಂತೆಯೇ? ಕಾಲಿಟ್ಟರೆ ತಂಪಾದೀತೇ?

ಇಬ್ಬರೇ ಮಾತಾಡಲಿ ಎಂದು ಅವರನ್ನು ಮಗ್ಗದ ಕೋಣೆಗೆ ಕಳಿಸಿದರು. ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದಿತ್ತು, ಅದರೊಳಗೆ ನೂಲಿನ ಧೂಳು ಮೆಲ್ಲಗೆ ತೇಲುತ್ತಿತ್ತು. ಬೆಳಕು ಹೇಗೆ ನಿಲ್ಲುತ್ತದೆಂದು ಅವಳೇ ಕೇಳಿದಳು. ಅವನು ತಡವರಿಸುತ್ತ ಹೇಳಿದ: ಕೂದಲೆಳೆಗಿಂತ ಎಷ್ಟೋ ತೆಳುವಾದ ಎರಡು ಹಾಳೆ, ಎರಡರಲ್ಲೂ ಜರಡಿಯಂತೆ ಸಾಲುಸಾಲು ತೂತು. ಒಂದರ ಮೇಲೊಂದಿಟ್ಟು ತುಸುವೇ ತಿರುವಿದರೆ, ಎರಡರಲ್ಲೂ ಇಲ್ಲದ ದೊಡ್ಡದೊಂದು ಚಿತ್ತಾರ ಹುಟ್ಟುತ್ತದೆ, ಬೆಳಕು ಅದರೊಳಗೆ ಸಿಕ್ಕಿಕೊಂಡು ನಿಲ್ಲುತ್ತದೆ.

ಅವಳು ಗಳುವಿನ ಮೇಲಿದ್ದ ಎರಡು ತೆಳು ಸೀರೆ ಎಳೆದು, ಒಂದರ ಮೇಲೊಂದು ಹಿಡಿದು ಬಿಸಿಲಿಗೊಡ್ಡಿದಳು. ಬಟ್ಟೆಯ ಮೇಲೆ ನೀರಿನ ಅಲೆಯಂಥ ಗೆರೆ ಎದ್ದವು. ಚಿಕ್ಕಂದಿನಿಂದ ಕಂಡದ್ದೇ, ಯಾಕೆಂದು ಕೇಳಿರಲಿಲ್ಲ. ಇದೇ, ಇದೇ ಅಂದ ಶರತ ಇನ್ನೊಂದು ತುದಿ ಹಿಡಿದ. ಎರಡು ಸೀರೆಗಳ ನಡುವಿನ ಓರೆ ಕಡಿಮೆಯಾದಷ್ಟೂ ಅಲೆ ಹಿಗ್ಗುತ್ತ ಹೋದವು. ಕೋಣೆಯೇ ನೀರೊಳಗಿದ್ದಂತೆ ಅನ್ನಿಸಿ ಮಧುಮತಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ.

"ನಿಂತ ಬೆಳಕ ನೀವು ನೋಡೀರೇನ್ರಿ?" ಕೇಳಿದಳು.

"ಬ್ಯಾರೆ ದೇಶದಾಗ ಮಾಡ್ಯಾರ್ರಿ. ನಮ್ಮ ಕಡಿಂದ ಇನ್ನೂ ಆಗಿಲ್ಲ," ಅಂದ.

ಈ ಮೊದಲು ಅವಳನ್ನು ನೋಡಲು ಬಂದವರೆಲ್ಲ ತಮ್ಮ ದೊಡ್ಡಸ್ತಿಕೆ ಹೇಳಿಹೋಗಿದ್ದರು. ಆಗಿಲ್ಲ ಅಂದವನು ಇವನೊಬ್ಬನೇ. ಅವನ ಕೆಲಸ ನೋಡಿದ ಮೇಲೆ ಹೇಳುತ್ತೇನೆಂದು ಅವಳು ಹಟ ಹಿಡಿದಳು. ಅಪ್ಪ ಸಿಡಿಮಿಡಿಗೊಂಡ. ಕಡೆಗೆ ಅವ್ವ ಬನಶಂಕರಿ ಬುತ್ತಿ ಕಟ್ಟಿಕೊಂಡು ಜೊತೆಗೆ ಧಾರವಾಡದ ಬಸ್ಸು ಹತ್ತಿದಳು.

ಪ್ರಯೋಗಶಾಲೆಯ ಕತ್ತಲೆ ಕೋಣೆಯಲ್ಲಿ ಶರತ ಹಾಳೆಗಳನ್ನು ಹೊಂದಿಸಿ, ಲೇಸರ್ ಹಚ್ಚಿ, ಪರದೆ ತೋರಿಸಿದ. ಮಸುಕು ಬೂದಿಬಣ್ಣ, ಅಷ್ಟೇ. ಹಾಳೆ ಜರುಗಿದೆ ಅಂದ. ಮುಖ ಸಣ್ಣದು ಮಾಡಲಿಲ್ಲ, ನೆವ ಹೇಳಲಿಲ್ಲ, ಹೊಸ ಹಾಳೆ ತೆಗೆದು ಮೊದಲಿನಿಂದ ಶುರು ಮಾಡಿದ. ಅವರು ಬಂದದ್ದನ್ನೇ ಮರೆತುಬಿಟ್ಟಿದ್ದ. ಆ ಬಾಗಿದ ಬೆನ್ನನ್ನು ಮಧುಮತಿ ಕಣ್ತುಂಬ ನೋಡಿದಳು.

ತಿರುಗಿ ಬರುವಾಗ ನರಗುಂದದ ಗುಡ್ಡ ಕಾಣುವ ಹೊತ್ತಿಗೆ ಸಂಜೆಯಾಗಿತ್ತು. ಹತ್ತಿಹೊಲಗಳ ಮೇಲೆ ಬಿಸಿಲು ಬೆಣ್ಣೆಯಂತೆ ಹರಡಿತ್ತು.

"ಅವ್ವಾ, ಅವರಿಗೆ ಹೂಂ ಅಂತ ಹೇಳು."

"ಏನೂ ಕಾಣಲಿಲ್ಲಲ್ಲ?"

"ಕಾಣಲಿಲ್ಲ. ಆದರೂ ಹೇಳು."

ವೈಶಾಖದಲ್ಲಿ ಮದುವೆಯಾಯಿತು. ಮಗ್ಗವನ್ನು ಬಿಚ್ಚಿ ಟೆಂಪೋದಲ್ಲಿ ಹಾಕಿಕೊಂಡು ಧಾರವಾಡಕ್ಕೆ ಒಯ್ದರು. ಹಿತ್ತಲ ಕೋಣೆಯಲ್ಲಿ ಅದನ್ನು ಹೂಡಲು, ನೇಯುವಾಗ ಕಾಲು ಇಳಿಬಿಡುವ ಕುಣಿಯನ್ನು ಶರತನೇ ತೋಡಿದ, ಅಂಗೈಯೆಲ್ಲ ಬೊಬ್ಬೆ ಎದ್ದವು.

ಮರುವರ್ಷದ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ, ಲಗೂ ಬಾ ಎಂದು ಅವನ ಫೋನು ಬಂತು. ಹೋದಳು. ಪರದೆಯ ಕಪ್ಪಿನಲ್ಲಿ ಸಜ್ಜೆಕಾಳು ಸಾಲಾಗಿ ಜೋಡಿಸಿದಂತೆ ಬೆಳಕಿನ ಚುಕ್ಕೆಗಳಿದ್ದವು, ಒಂದಕ್ಕೊಂದು ಸಮದೂರದಲ್ಲಿ, ಅಲುಗದೆ. ಶರತ ಬೆರಳು ಮಾಡಿ ತೋರಿಸಿದ. ಅದು ಎಷ್ಟು ಹೊತ್ತು ನಿಲ್ಲುತ್ತದೆಂದು ಅವಳು ಮೆಲ್ಲಗೆ ಕೇಳಿದಳು.

"ಹಿಂದಿಂದ ಹೊಸಾ ಬೆಳಕು ಬರತಿರತದ, ಬಂದದ್ದು ನಿಲ್ಲೋದು ನಮಗ ಕಣ್ಣು ಮಿಟುಕಸೋವಷ್ಟೂ ಇಲ್ಲ. ಬೆಳಕಿಗೆ ಅದು ಭಾಳ ಹೊತ್ತು," ಅಂದ.

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕುಳಿತಳು. ಹೊರಗೆ ಮಳೆ ಹಿಡಿದಿತ್ತು, ಇಬ್ಬರಿಗೂ ಏಳುವ ಮನಸ್ಸಿರಲಿಲ್ಲ.