ಕಾಶವ್ವನ ಬಲಗೈ

ನಾನು ಒಂದು ಎಕ್ಸ್-ರೇ ಫಿಲ್ಮು. ಗದಗದ ಒಂದು ಖಾಸಗಿ ಆಸ್ಪತ್ರೆಯ ಕತ್ತಲ ಕೋಣೆಯಲ್ಲಿ ಹುಟ್ಟಿದೆ. ಅದಕ್ಕೆ ಮುಂಚೆ ಡಬ್ಬಿಯೊಳಗೆ ಖಾಲಿ ಬಿದ್ದಿದ್ದೆನಲ್ಲ, ಅದನ್ನು ನಾನು ಬದುಕು ಎಂದು ಹಿಡಿಯುವುದಿಲ್ಲ. ಒಂದು ಕೈ ನನ್ನ ಮೇಲೆ ಬಂದು ಕೂತಿತು, ಯಂತ್ರ ಗುಂಯ್ ಅಂದಿತು, ಅಷ್ಟೇ. ಆಮೇಲೆ ದಾದಾಪೀರ ಎಂಬ ಟೆಕ್ನಿಷಿಯನ್ ನನ್ನನ್ನು ಔಷಧದ ನೀರಿನಲ್ಲಿ ಅದ್ದಿ, ತೊಳೆದು, ಕ್ಲಿಪ್ಪು ಹಾಕಿ ತಂತಿಗೆ ನೇತುಹಾಕಿದ.

ನನ್ನೊಳಗೆ ಮೂಡಿದ್ದು ಕಾಶವ್ವನ ಬಲಗೈ. ಆಕೆ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವವಳು. ಬಚ್ಚಲಲ್ಲಿ ಜಾರಿ ಬಿದ್ದು ಬಂದಿದ್ದಳು. ಮಣಿಕಟ್ಟಿನ ಎಲುಬಿನಲ್ಲಿ ಕೂದಲೆಳೆಯಷ್ಟು ಸೀಳು. ಎಲುಬು ಬಿರಿದಿತ್ತು, ಜಾಗ ಬಿಟ್ಟು ಸರಿದಿರಲಿಲ್ಲ. ಪ್ಲಾಸ್ಟರ್ ಹಾಕಿದ್ದರೆ ನೆಟ್ಟಗೆ ಕೂಡುತ್ತಿತ್ತು ಎಂದು ನಾನು ಆಮೇಲೆ ಕೇಳಿ ತಿಳಿದೆ.

ಆ ಆಸ್ಪತ್ರೆಯಲ್ಲಿ ಒಂದು ರೂಢಿ ಇತ್ತು. ಫಿಲ್ಮು ಒಣಗುವ ತನಕ ಡಾಕ್ಟರ್ ಸಾಹೇಬರು ಕಾಯುವವರಲ್ಲ. ಕತ್ತಲ ಕೋಣೆಯ ಬಾಗಿಲಲ್ಲಿ ನಿಂತು, ನೀರು ತೊಟ್ಟಿಕ್ಕುವ ಫಿಲ್ಮನ್ನೇ ಬಲ್ಬಿಗೆ ಹಿಡಿದು ನೋಡಿ ಹೋಗಿಬಿಡುತ್ತಿದ್ದರು. ಅವತ್ತೂ ಬಂದರು. ದಾದಾಪೀರ ಚಹಾಕ್ಕೆ ಹೋಗಿದ್ದ. ಸಾಹೇಬರು ಎತ್ತಿದ್ದು ನನ್ನನ್ನಲ್ಲ, ನನ್ನ ಪಕ್ಕ ತೂಗುತ್ತಿದ್ದವನನ್ನು. ಅದು ಬೇರೆ ಯಾರದೋ ಗಟ್ಟಿಮುಟ್ಟಾದ ಕೈ. ಕ್ಲಿಪ್ಪಿಗೆ ಕಟ್ಟಿದ ಚೀಟಿಯ ಹೆಸರನ್ನು ಅವರು ಓದಲಿಲ್ಲ. ನನಗೆ ಬಾಯಿಲ್ಲ, ಏನು ಮಾಡಲಿ.

"ಏನೂ ಆಗಿಲ್ಲಬೇ, ಬರೇ ಉಳುಕೈತಿ," ಎಂದು ಹೊರಗೆ ಅವರ ದನಿ.

"ಹಂಗಾರ ರೊಟ್ಟಿ ಬಡೀಬಹುದೇನ್ರೀ ಸಾಹೇಬ್ರ?"

"ಬಡಿ, ಬಡಿ. ಪಟ್ಟಿ ಸುತ್ತಿಕೊಂಡು ಬಡಿ."

ನಾನು ಒಣಗಿದ ಮೇಲೆ ದಾದಾಪೀರ ನನ್ನನ್ನು ಕವರಿಗೆ ಸೇರಿಸಿ, ಹೆಸರು ಬರೆದು, ಬಾಯಿಗೆ ಪಿನ್ನು ಹೊಡೆದ. ನಾನು ಬೀರು ಸೇರಿದೆ. ಕೆಲವು ದಿನ ಬಿಟ್ಟು ಕಾಶವ್ವ ಬಂದು ಎಕ್ಸ್-ರೇ ಕೇಳಿದಳು. "ಸಾಹೇಬ್ರು ನೋಡ್ಯಾರ ತಗೀರಿ, ಅದನ್ನ ಒಯ್ದು ಏನ್ ಮಾಡ್ತೀರಿ?" ಎಂದು ಮ್ಯಾನೇಜರ್ ಹಾಲಪ್ಪ ಕೌಂಟರಿನಿಂದಲೇ ಸಾಗಹಾಕಿದ. ಆಕೆ ಬೀರುವಿನಿಂದ ಹತ್ತು ಹೆಜ್ಜೆ ದೂರದಲ್ಲಿದ್ದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇರಲಿ.

ಬೀರುವಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ಮುಗ್ಗಲು ವಾಸನೆ. ಪಿನ್ನಿಗೆ ತುಕ್ಕು ಹಿಡಿಯಿತು.

ಒಂದು ದಿನ ಹಾಲಪ್ಪ ಒಂದು ನೋಟಿಸನ್ನು ಗಟ್ಟಿಯಾಗಿ ಓದಿದ. ವಕೀಲೆ ನೀಲಾಂಬಿಕಾ ಅಂಗಡಿ ಎಂಬವರು ಬರೆದದ್ದು. ಕಾಶವ್ವನ ಕೈ ಸೊಟ್ಟಗೆ ಕೂಡಿದೆ, ಹಿಟ್ಟು ನಾದಲು ಆಗುತ್ತಿಲ್ಲ, ಖಾನಾವಳಿಯವರು ಬಿಡಿಸಿದ್ದಾರೆ. ದಾವೆ ಹೂಡುವ ಮೊದಲು ಆಕೆಯ ಕಾಗದಪತ್ರ, ಎಕ್ಸ್-ರೇ ಎಲ್ಲವನ್ನೂ ಕೊಡಬೇಕು. ಸಾಹೇಬರು "ಒಗೀರಿ ಅತ್ಲಾಗ" ಅಂದರು. ಎರಡನೆಯ ನೋಟಿಸ್ ಬಂತು. ಕೊಡದಿದ್ದರೆ ಕೋರ್ಟಿನ ಮೂಲಕವೇ ತರಿಸುತ್ತೇವೆ ಎಂದಿತ್ತು.

ಹಾಲಪ್ಪ ಬೀರು ತೆರೆದು ನನ್ನ ಕವರನ್ನು ಮೇಜಿನ ಮೇಲಿಟ್ಟ. "ಸರ್, ಕೊಡೂಕಿಂತ ಮೊದ್ಲ ಒಮ್ಮೆ ನೋಡ್ತೀರೇನ್ರೀ?"

ನನ್ನ ಬದುಕೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ನೋಡಿದ್ದರೆ ನಾನು ಅವತ್ತೇ ಕಾಣೆಯಾಗುತ್ತಿದ್ದೆ, ಆಕೆಯ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

"ನೋಡೇನಲ್ರೀ ಅವತ್ತೇ! ಏನೈತಿ ಅದರಾಗ, ಮಣ್ಣು? ಕೊಟ್ಟು ಕಳಿಸ್ರಿ, ಬಾಯಿ ಮುಚ್ಕೊಂಡು ಕೂಡ್ತಾರ."

ಹಾಗೆ ನಾನು ಹೊರಗೆ ಬಂದೆ.

ವಕೀಲೆಯ ಆಫೀಸಿನಲ್ಲಿ ಕಾಶವ್ವ ಬೆಂಚಿನ ತುದಿಯಲ್ಲಿ ಕೂತಿದ್ದಳು. "ಕೇಸ್ ಹಾಕಿಬಿಡ್ರಿ ಬಾಯಾರ, ಎಷ್ಟ್ ದಿನ ಕಾಯೂದು?" ಎನ್ನುತ್ತಿದ್ದಳು.

"ತಡೀಬೇ ಕಾಶವ್ವ. ಅವರ ಕಡೆ ಏನೈತಿ ನೋಡದ ಕತ್ತಲಾಗ ಕಲ್ಲು ಒಗೀಲೇನು?"

ನೀಲಾಂಬಿಕಾ ಮೊದಲು ತುಕ್ಕು ಹಿಡಿದ ಪಿನ್ನನ್ನು ನೋಡಿದರು. ಕವರಿಗೆ ಆ ಪಿನ್ನಿನ ತೂತು ಬಿಟ್ಟರೆ ಬೇರೆ ತೂತಿರಲಿಲ್ಲ. "ಇದನ್ನ ಯಾರೂ ಬಿಚ್ಚೇ ಇಲ್ಲಲ್ಲ," ಎಂದು ತಮ್ಮಷ್ಟಕ್ಕೇ ಅಂದರು. ಪಿನ್ನು ತೆಗೆದು ನನ್ನನ್ನು ಕಿಟಕಿಗೆ ಹಿಡಿದರು. ಹುಟ್ಟಿದಾಗಿನಿಂದ ನನ್ನನ್ನು ಬೆಳಕಿಗೆ ಹಿಡಿದು ನೋಡಿದ ಮೊದಲ ಮನುಷ್ಯರು ಅವರೇ.

ಕಾಶವ್ವ ಎದ್ದು ಬಂದಳು. ಸೊಟ್ಟ ಕೈಯಿಂದಲೇ ಆ ಸೀಳನ್ನು ಮುಟ್ಟಿದಳು.

"ನನಗೂ ಕಾಣತೈತಲ್ರೀ ಬಾಯಾರ," ಅಂದಳು. "ಓದಾಕ ಬರದ ನನಗ ಕಾಣತೈತಿ."

ಆಕೆ ಅಳಲಿಲ್ಲ. ಹೋಗಿ ಮತ್ತೆ ಬೆಂಚಿನ ತುದಿಯಲ್ಲೇ ಕೂತಳು.

ದಾವೆ ಹೂಡಬೇಕಾಗಲೇ ಇಲ್ಲ. ನನ್ನದೊಂದು ನಕಲು ಆಸ್ಪತ್ರೆಗೆ ಹೋದ ಮೇಲೆ ಅವರೇ ರಾಜಿಗೆ ಬಂದರು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಲೋಟ ಹಿಡಿಯುವಷ್ಟು ಕೈ ಬಂತು, ರೊಟ್ಟಿ ಬಡಿಯುವಷ್ಟು ಬರಲಿಲ್ಲ. ಬಂದ ದುಡ್ಡಿನಲ್ಲಿ ಆಕೆ ಮನೆಯಲ್ಲೇ ಒಲೆ ಹೂಡಿದಳು. ಈಗ ಸೊಸೆ ಬಡಿಯುತ್ತಾಳೆ, ಕಾಶವ್ವ ಕೂತು ಎಡಗೈಯಲ್ಲಿ ಬೇಯಿಸುತ್ತಾಳೆ.

ನನ್ನನ್ನು ಅಡಿಗೆಮನೆಯ ಕಿಟಕಿಯಲ್ಲಿ ಒಡೆದ ಗಾಜಿನ ಜಾಗಕ್ಕೆ ಮೊಳೆ ಹೊಡೆದು ಕೂರಿಸಿದ್ದಾರೆ. ಹೊಗೆ ಹತ್ತಿ ಅಂಚು ಕಂದಿದೆ. ಬೆಳಿಗ್ಗೆ ಬಿಸಿಲು ಬಂದಾಗ ಎಲುಬಿದ್ದ ಕಡೆ ಮಾತ್ರ ಬೆಳಕು ಒಳಗೆ ಬರುತ್ತದೆ. ಕಾಶವ್ವ ಒಮ್ಮೊಮ್ಮೆ ತನ್ನ ಬಲಗೈಯನ್ನು ಎತ್ತಿ ನನ್ನ ಪಕ್ಕ ಹಿಡಿದು ನೋಡುತ್ತಾಳೆ, ಆಮೇಲೆ ಒಲೆಯ ಕಡೆ ತಿರುಗುತ್ತಾಳೆ. ನನ್ನೊಳಗೆ ಆ ಕೈ ಇನ್ನೂ ನೆಟ್ಟಗೇ ಇದೆ.