ಅವಳಿಗಾಗಿ ಬರೆದ ಬಾಣ

ನನ್ನ ಗಂಡ ಇನ್ನೊಬ್ಬಳಿಗಾಗಿ ಕಂಪ್ಯೂಟರಿನ ಬಾಣದ ಕೀಗಳಿಗೆ ಜೀವ ಕೊಟ್ಟರು. ಬೇರೆಯವರ ಗಂಡಂದಿರು ಸೀರೆ ಕೊಡಿಸಿ ಸಿಕ್ಕಿಬೀಳುತ್ತಾರೆ, ಇಲ್ಲವೆ ಯಾವಳದೋ ಮೊಬೈಲಿಗೆ ರೀಚಾರ್ಜ್ ಮಾಡಿಸಿ ಸಿಕ್ಕಿಬೀಳುತ್ತಾರೆ. ಹಾಗೇನಾದರೂ ಆಗಿದ್ದರೆ ಜಗಳಕ್ಕೆ ಒಂದು ದಾರಿಯಿತ್ತು, ಓಣಿಯ ಹೆಂಗಸರಾದರೂ ನನ್ನ ಪರ ನಿಲ್ಲುತ್ತಿದ್ದರು. 'ನಮ್ಮವರು ಆ ಹುಡುಗಿಗೆ ಬಾಣದ ಕೀ ಬರೆದುಕೊಟ್ಟರು' ಎಂದು ಯಾರ ಮುಂದೆ ಹೇಳಿಕೊಂಡು ಅಳಲಿ?

ಜಹೀರಾಬಾದಿನ ಹೈವೇ ಪಕ್ಕದಲ್ಲಿ ಪೀರಪ್ಪ ಸೇಟರ ಲಾರಿ ಬುಕಿಂಗ್ ಆಫೀಸು. ತಾಂಡೂರಿನಲ್ಲೊಂದು, ನಾರಾಯಣಖೇಡದಲ್ಲೊಂದು ಶಾಖೆ. ಲಾರಿಗೆ ಮಾಲು ತುಂಬಿದ ಮೇಲೆ ಅದಕ್ಕೊಂದು ಬಿಲ್ಟಿ ಬೇಕು. ಯಾವ ಊರಿಂದ ಯಾವ ಊರಿಗೆ, ಲಾರಿ ನಂಬರು, ಮಾಲು, ಚೀಲ, ತೂಕ ಎಲ್ಲ ಅದರಲ್ಲಿರಬೇಕು. ಬಿಲ್ಟಿ ಇಲ್ಲದ ಲಾರಿ ಚೆಕ್‌ಪೋಸ್ಟ್ ದಾಟುವುದಿಲ್ಲ. ಆ ಬಿಲ್ಟಿ ತೆಗೆಯುವ ಪ್ರೋಗ್ರಾಮು ನನ್ನ ಗಂಡ ಆತ್ಮಾರಾಮರೇ ಬರೆದದ್ದು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸಿಗೆ ಕೆಲಸವೇ ಇಲ್ಲ. ಎಲ್ಲವನ್ನೂ ಒಂದೇ ಸಾಲಿನಲ್ಲಿ, ನಡುನಡುವೆ ಕಾಮಾ ಹಾಕಿ ಟೈಪ್ ಮಾಡಿ ಎಂಟರ್ ಒತ್ತಬೇಕು.

ಅದರಲ್ಲೊಂದು ದೊಡ್ಡ ಕಾಟವಿತ್ತು. ಸಾಲಿನ ಕೊನೆಗೆ ಬಂದಾಗ ಮೊದಲಿನ ಊರಿನ ಹೆಸರೇ ತಪ್ಪಾಗಿದೆ ಎಂದು ಕಂಡರೆ ಅಲ್ಲಿಗೆ ಹಿಂತಿರುಗುವ ದಾರಿಯಿರಲಿಲ್ಲ. ಎಡಗಡೆಯ ಬಾಣ ಒತ್ತಿದರೆ ಹಿಂದೆ ಹೋಗುವುದಿರಲಿ, ಟೊಪ್ಪಿಗೆಯಂಥ ಒಂದು ಗುರುತು, ಎರಡು ಚೌಕ ಕಂಸ, ಒಂದು ಡಿ ಅಕ್ಷರ ಪರದೆಯ ಮೇಲೆ ಉದುರುತ್ತಿದ್ದವು. ಕೊನೆಯಿಂದ ಅಳಿಸುತ್ತಾ ಅಳಿಸುತ್ತಾ ಮೊದಲಿನವರೆಗೂ ಹೋಗಬೇಕು, ಮತ್ತೆ ಎಲ್ಲ ಬರೆಯಬೇಕು.

ಅಂಥ ಪ್ರೋಗ್ರಾಮಿನ ಮುಂದೆ ನಾನು ಏಳು ವರ್ಷ ಕೂತಿದ್ದೇನೆ. ಮದುವೆಯಾಗಿ ಬಂದ ವರ್ಷವೇ ಆ ಕುರ್ಚಿ ಹಿಡಿದೆ. ಮೀನಾಳ ಕೈ ತಪ್ಪುವುದಿಲ್ಲ ಎಂದು ಸೇಟರು ಬಂದವರಿಗೆಲ್ಲ ಹೇಳುವರು, ನಮ್ಮವರು ಪಕ್ಕದಲ್ಲಿ ನಿಂತು ತಮ್ಮದೇ ಕೈ ಎಂಬಂತೆ ಬೀಗುವರು. ನಾನೂ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಧಮ್ಮಶೀಲಾ ಬಂದಳು. ಮೊಗುಡಂಪಲ್ಲಿಯ ಬಕ್ಕಪ್ಪನ ಮಗಳು, ಬೀದರಿನಲ್ಲಿ ಡಿಗ್ರಿ ಮುಗಿಸಿದವಳು. ತೆಲಂಗಾಣದ ಹೋರಾಟ ಜೋರಾಗಿತ್ತು. ಇವತ್ತು ಬಂದ್, ನಾಳೆ ರಸ್ತೆ ರೋಕೋ. ರಸ್ತೆ ತೆರೆದ ದಿನ ಎಲ್ಲ ಲಾರಿಗಳೂ ಒಟ್ಟಿಗೆ ಬಂದು ನಿಲ್ಲುವವು. ಒಬ್ಬಳಿಂದ ಆಗುವುದಿಲ್ಲ ಎಂದು ಸೇಟರು ಅವಳನ್ನು ತೆಗೆದುಕೊಂಡರು. ಕಂಪ್ಯೂಟರು ಒಂದೇ. ಮುಂಜಾನೆ ಅವಳು ಟೈಪ್ ಮಾಡಿದರೆ ನಾನು ಪಕ್ಕದ ಮೇಜಿನಲ್ಲಿ ಬಿಲ್ಟಿಗೆ ಸಿಕ್ಕಾ, ಅಂದರೆ ಮೊಹರು, ಹೊಡೆಯುವುದು, ಮಧ್ಯಾಹ್ನ ಅದಲು ಬದಲು.

ಹುಡುಗಿ ಒಳ್ಳೆಯವಳು, ಅದೇ ನನ್ನ ಸಂಕಟ. ಕೆಟ್ಟವಳಾಗಿದ್ದರೆ ಬೈಯಲು ಸಲೀಸಾಗುತ್ತಿತ್ತು. ಆದರೆ ಅವಳ ಬೆರಳುಗಳಿಗೆ ಕಣ್ಣಿರಲಿಲ್ಲ. ತಾಂಡೂರು ಎನ್ನುವ ಕಡೆ ಇನ್ನೇನೋ, ತೂಕದ ಕಡೆ ಲಾರಿ ನಂಬರು. ತಪ್ಪಿದಾಗಲೆಲ್ಲ 'ಅಯ್ಯೋ ನಮ್ಮಪ್ಪಾ' ಎಂದು ಹಣೆ ಬಡಿದುಕೊಳ್ಳುವಳು. ಒಂದು ದಿನ ಒಬ್ಬ ಡ್ರೈವರ್ ನಾಲ್ಕು ಜನರ ಎದುರು ಗದರಿದ. ಹುಡುಗಿಯ ಕಣ್ಣಲ್ಲಿ ನೀರು. ನಮ್ಮವರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು.

ಅಳುವ ಮಗುವಿಗೇ ಹಾಲು. ಅವತ್ತು ಸಂಜೆಯೇ ಅವರು ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತರು. ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದೇ ತಪ್ಪಾಯಿತು, ರೊಟ್ಟಿ ಮುರಿಯುವುದನ್ನೂ ಮರೆತು ಹೇಳತೊಡಗಿದರು. ಇಷ್ಟು ದಿನ ಟರ್ಮಿನಲ್ಲೇ, ಅಂದರೆ ಆ ಕಪ್ಪು ಪರದೆಯೇ, ಸಾಲನ್ನು ಹಿಡಿದಿಟ್ಟುಕೊಂಡು, ಎಂಟರ್ ಒತ್ತಿದ ಮೇಲಷ್ಟೇ ಪ್ರೋಗ್ರಾಮಿನ ಕೈಗೆ ಕೊಡುತ್ತಿತ್ತಂತೆ. ಇನ್ನು ಮೇಲೆ ಒಂದೊಂದು ಕೀಯನ್ನೂ ಒತ್ತಿದ ಕ್ಷಣವೇ ತಾವೇ ಇಸಿದುಕೊಳ್ಳುತ್ತಾರಂತೆ. ಬಾಣದ ಕೀ ಒತ್ತಿದರೆ ಒಳಗೆ ಬರುವುದು ಒಂದು ಗುರುತಲ್ಲ, ಮೂರು; ಟೊಪ್ಪಿಗೆಯೂ ಮೊದಲ ಕಂಸವೂ ಸೇರಿ ಒಂದೇ ಗುರುತಂತೆ. ಮೂರನ್ನೂ ಕೂಡಿಸಿ ಇದು ಎಡ, ಇದು ಬಲ ಎಂದು ತಿಳಿದು, ಸಾಲನ್ನು ಮತ್ತೆ ಬರೆದು ತೋರಿಸಬೇಕು. ಮೇಲಿನ ಬಾಣ ಒತ್ತಿದರೆ ಹಿಂದೆ ಬರೆದ ಸಾಲು ತಿರುಗಿ ಬರಬೇಕು, ಅದರ ಮೇಲಿನದು, ಅದಕ್ಕೂ ಮೇಲಿನದು. ಮಷೀನು ಬಂದ್ ಮಾಡಿ ಮರುದಿನ ತೆರೆದರೂ ಆ ಸಾಲುಗಳು ಇರಬೇಕು. ಅಳಿಸುವ ಹಳೆಯ ಕೀಗಳೆಲ್ಲ ಮೊದಲಿನಂತೆಯೇ ನಡೆಯಬೇಕು.

ಲಗ್ನವಾದ ಹೊಸದರಲ್ಲಿ ನನ್ನ ಜೊತೆ ಹೀಗೆ ಮಾತಾಡುತ್ತಿದ್ದರು. ಮುಖದಲ್ಲಿ ಅದೇ ಬೆಳಕು. ನಾನು ಹೂಂ ಹೂಂ ಎನ್ನುತ್ತಾ ರೊಟ್ಟಿ ಬಡಿದೆ. ಹಿತ್ತಲ ಗಿಡ ಮದ್ದಲ್ಲ ಎಂದು ಕೇಳಿದ್ದೆ, ಹಿತ್ತಲ ಗಿಡಕ್ಕೆ ಹೇಗನಿಸುತ್ತದೆ ಎಂದು ಅವತ್ತು ಗೊತ್ತಾಯಿತು. ಏಳು ವರ್ಷ ನಾನು ಆ ಸಾಲುಗಳಲ್ಲಿ ಸವೆದಾಗ ಬಾರದ ಬಾಣ ಅವಳ ಒಂದು ಹನಿ ಕಣ್ಣೀರಿಗೆ ಬಂತಲ್ಲ.

ವಾರದೊಳಗೆ ಎಲ್ಲ ತಯಾರು. ಧಮ್ಮಶೀಲಾ ಎಡ ಬಾಣ ಒತ್ತಿದಳು, ಕರ್ಸರು ಬೆಕ್ಕಿನಂತೆ ಮೆಲ್ಲಗೆ ಹಿಂದೆ ಹೋಯಿತು. ಒಂದು ಅಕ್ಷರ ತಿದ್ದಿದಳು, ಎಂಟರ್ ಒತ್ತಿದಳು, ಬಿಲ್ಟಿ ಬಂತು. ಅವಳು ನಕ್ಕಳು, ನಮ್ಮವರೂ ನಕ್ಕರು. ಸೇಟರು ಎಲ್ಲರಿಗೂ ಚಹಾ ತರಿಸಿದರು. ನನ್ನ ಚಹಾ ಆರಿತು.

ಮೇಲಿನ ಬಾಣ ಇನ್ನೂ ಕೆಟ್ಟದ್ದು. ಮುಂಜಾನೆ ಬಂದು ಅವಳು ಅದನ್ನು ಒತ್ತಿದರೆ ಬರುತ್ತಿದ್ದುದು ಹಿಂದಿನ ಮಧ್ಯಾಹ್ನ ನಾನು ಬರೆದಿಟ್ಟ ಸಾಲುಗಳು, ಒಂದು ಕಾಮಾ ಕೂಡ ಆಚೀಚೆಯಾಗದ ಸಾಲುಗಳು. ಅವಳು ಲಾರಿ ನಂಬರು, ತೂಕ ಅಷ್ಟೇ ಬದಲಿಸಿ ಎಂಟರ್ ಒತ್ತುವಳು. ಈಗ ಅವಳೂ ನನ್ನಷ್ಟೇ ಬೇಗ. ನಾನು ಕಲಸಿಟ್ಟ ಹಿಟ್ಟಿನಲ್ಲಿ ಅವಳು ರೊಟ್ಟಿ ಬಡಿದು ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದಳು. ನಮ್ಮವರಿಗೆ ಇದರಲ್ಲೂ ಖುಷಿ: ನಿನ್ನ ಸಾಲು ಎಷ್ಟು ಉಪಯೋಗಕ್ಕೆ ಬಂತು ನೋಡು ಎಂದರು. ಅವತ್ತಿನ ಸಾರಿಗೆ ನಾನು ಹಾಕಿದ ಖಾರ ಅವರಿಗೆ ಮರುದಿನವೂ ನೆನಪಿತ್ತು. ಕಾರಣ ಮಾತ್ರ ತಿಳಿಯಲಿಲ್ಲ.

ನಾನು ಬೇಕೆಂದೇ ತಪ್ಪು ಮಾಡಿಯೂ ನೋಡಿದೆ. ಅವರು ಆಫೀಸಿಗೆ ಬಂದಾಗ ಊರಿನ ಹೆಸರು ತಿರುಚಿ 'ಅಯ್ಯೋ' ಎಂದೆ. ಅವರು ಬೇರೆ ಏನೋ ಕಾಗದ ನೋಡುತ್ತಾ, ಬಾಣ ಒತ್ತಿ ತಿದ್ದು ಎಂದರು. ತಲೆ ಕೂಡ ಎತ್ತಲಿಲ್ಲ.

ಹೊಟ್ಟೆಯ ಉರಿ ತಾಳದೆ ಕೊನೆಗೊಂದು ದಿನ ಹೇಳಿದೆ, ನನ್ನ ಸಾಲು ನನಗೆ, ಅವಳ ಸಾಲು ಅವಳಿಗೆ, ಬೇರೆ ಬೇರೆ ಮಾಡಿಕೊಡಿ ಎಂದು. ಯಾಕೆ ಎಂದು ಕೇಳಿದರು. ಲೆಕ್ಕ ಕಲಬೆರಕೆ ಆಗುತ್ತದೆ ಎಂದೆ. ಅವತ್ತೇ ಅವರು ನಾರಾಯಣಖೇಡದ ಶಾಖೆಗೆ ಹೊರಟಿದ್ದರು. ಜೀಪು ಹೊರಗೆ ಹಾರ್ನ್ ಹೊಡೆಯುತ್ತಿತ್ತು. ನಿಂತ ಕಾಲಲ್ಲೇ ಬದಲಿಸಿ, ಆತು ಎಂದು ಹೊರಟುಹೋದರು.

ಮರುದಿನದಿಂದ ಸಮ್ಮೆ, ಅಂದರೆ ಮುಷ್ಕರ, ಶುರುವಾಯಿತು. ಬಸ್ಸಿನವರು, ಮಾಸ್ತರರು, ಕಚೇರಿಯವರು, ಎಲ್ಲರೂ ಕೆಲಸ ಬಿಟ್ಟರು. ನಮ್ಮವರು ನಾರಾಯಣಖೇಡದಲ್ಲೇ ಉಳಿದರು. ಇತ್ತ ಜಹೀರಾಬಾದಿನ ಹೈವೇ ಮೇಲೆ ಒಲೆ ಹೂಡಿ ಅಡಿಗೆ ಮಾಡಿ ಅಲ್ಲೇ ಉಣ್ಣುವ ಹೋರಾಟ, ವಂಟಾ ವಾರ್ಪು, ಎಂದು ಸುದ್ದಿ ಬಂತು. ಒಲೆ ಹೊತ್ತಿತೆಂದರೆ ರಸ್ತೆ ಬಂದ್, ಮುಂಚೆ ಹೊರಟ ಲಾರಿಗಷ್ಟೇ ದಾರಿ. ಆಫೀಸಿನ ಮುಂದೆ ಹೆಸರುಕಾಳು, ಉದ್ದು ತುಂಬಿದ ಲಾರಿಗಳು ಸಾಲಾಗಿ ನಿಂತಿದ್ದವು. ಮೇಲೆ ಮೋಡ. ಮುಂಜಾನೆಯ ಪಾಳಿ ಧಮ್ಮಶೀಲಾಳದು, ನನ್ನದು ಸಿಕ್ಕಾ.

ಅವಳು ರೂಢಿಯಂತೆ ಮೇಲಿನ ಬಾಣ ಒತ್ತಿ ನನ್ನ ಸಾಲುಗಳನ್ನು ಹುಡುಕಿದಳು. ಇರಲಿಲ್ಲ. ತಾನು ಆಗಷ್ಟೇ ಬರೆದ ಒಂದೆರಡು ಬಂದವು. ಇನ್ನೂ ಮೇಲೆ ಒತ್ತಿದಳು. ಅಲ್ಲಿ ಏನೂ ಇಲ್ಲ, ಇಲ್ಲದಿದ್ದರೆ ನಿಲ್ಲು ಎಂದು ಪ್ರೋಗ್ರಾಮಿಗೆ ಹೇಳುವುದನ್ನು ನಮ್ಮವರು ಅವಸರದಲ್ಲಿ ಮರೆತಿದ್ದರು. ಪ್ರೋಗ್ರಾಮು ದೊಪ್ಪನೆ ಬಿತ್ತು. ಬೀಳುವಾಗ ಟರ್ಮಿನಲ್ಲನ್ನು ಮೊದಲಿನ ಹಾಗೆ ಮಾಡಿಟ್ಟೂ ಹೋಗಲಿಲ್ಲ. ಕರ್ಸರು ಮಿಣುಕುತ್ತಿದೆ, ಏನು ಒತ್ತಿದರೂ ಒಂದು ಅಕ್ಷರ ಕಾಣುವುದಿಲ್ಲ. ಮಷೀನು ಬಂದ್ ಮಾಡಿ ತೆರೆಯುವಂತೆಯೂ ಇರಲಿಲ್ಲ. ಆ ಹಳೆಯ ಡಬ್ಬ ಒಮ್ಮೆ ಮಲಗಿದರೆ ನಮ್ಮವರು ಬಂದು ಪುಸಲಾಯಿಸದೆ ಏಳುತ್ತಿರಲಿಲ್ಲ.

ಅವಳು ನಮ್ಮವರಿಗೆ ಫೋನ್ ಮಾಡಿದಳು. ಪಕ್ಕದಲ್ಲೇ ಕೂತ ನನ್ನನ್ನು ಕೇಳಲಿಲ್ಲ, ಕೇಳುವಂಥ ಮುಖವನ್ನು ನಾನೂ ಇಟ್ಟುಕೊಂಡಿರಲಿಲ್ಲ. ಟರ್ಮಿನಲ್ಲನ್ನು ಮೊದಲಿನ ಹಾಗೆ ಮಾಡುವ ಆಜ್ಞೆಯನ್ನು ಅವರು ಸ್ಪೀಕರಿನಲ್ಲಿ ನಿಧಾನವಾಗಿ ಹೇಳಿಕೊಟ್ಟರು: ಎಸ್ ಟಿ ಟಿ ವೈ, ಒಂದು ಜಾಗ ಬಿಡು, ಆಮೇಲೆ ಸೇನ್, ಎಂಟರ್. ಅವಳು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಕಾಣದ ಸಾಲಿನಲ್ಲಿ ಎಲ್ಲಿ ಬೆರಳು ತಪ್ಪಿದೆಯೋ, ಏನೇನು ತುಂಬಿಕೊಂಡಿದೆಯೋ ಯಾರಿಗೆ ಗೊತ್ತು. ಹೊರಗೆ ಡ್ರೈವರುಗಳು ಕೂಗುತ್ತಿದ್ದರು. ನಾನು ಸಿಕ್ಕಾ ಹಿಡಿದು ನೋಡುತ್ತಾ ಕೂತೆ. ಸಂತೋಷವಾಗಿತ್ತು ನನಗೆ, ಮನಸಾರೆ ಸಂತೋಷ. ತಿದ್ದು ಈಗ, ಎಲ್ಲಿದೆ ನಿನ್ನ ಬಾಣ?

ಆಗ ಫೋನಿನೊಳಗಿಂದ ಅವರು ಅಂದರು, "ಮೀನಾಗ ಕೊಡು. ಆಕಿಗಿ ಪರದಿ ನೋಡೋ ಗರಜಿಲ್ಲ, ಬೆರಳೇ ಸಾಕು."

ಧಮ್ಮಶೀಲಾ ಎದ್ದು ಕುರ್ಚಿ ಬಿಟ್ಟಳು. ನಾನು ಕೂತೆ. ಸೇನ್ ಎಂದರೆ ತಲೆ ನೆಟ್ಟಗಿರುವುದು ಎಂದು ನನಗೆ ಗೊತ್ತಿತ್ತು, ಆ ಹೊತ್ತಿಗೆ ಅದು ಮಷೀನಿಗಿಂತ ನನಗೇ ಹೆಚ್ಚು ಬೇಕಾಗಿತ್ತು. ಮೊದಲು ಎರಡು ಕೀ ಜೊತೆಗೆ ಒತ್ತಿದೆ. ಆಮೇಲೆ ಅವರು ಹೇಳಿದ್ದನ್ನು ಬರೆದೆ. ಎಂಟರ್. ಮುಂದೆ ಏನು ಬರೆದರೂ ಕಾಣತೊಡಗಿತು. ಬಾಗಿಲಲ್ಲಿ ನಿಂತಿದ್ದ ಸೇಟರು ಉಸಿರು ಬಿಟ್ಟರು.

"ಒಂದೇ ಸಲಕ್ಕ ಬಂತಾ?" ಎಂದರು ನಮ್ಮವರು. "ಆಕಿ ಒತ್ತಿದ್ದೆಲ್ಲಾ ಅದರಾಗೇ ಇರ್ಬೇಕಲ್ಲ."

"ಮೊದ್ಲ ಅದನ್ನ ಅಳಿಸಿದೆ. ಕಂಟ್ರೋಲ್ ಹಿಡ್ದು ಯು ಒತ್ತಿದ್ರ ಇಡೀ ಸಾಲೇ ಹೋಗ್ತದಲ್ರಿ."

"ಅದನ್ನ ಯಾರ ಹೇಳಿಕೊಟ್ರು ನಿನಗ?"

"ಯಾರ ಹೇಳ್ತಾರ? ಒಂದಿನ ಕೈ ಜಾರಿ ಗೊತ್ತಾತು. ಏಳು ವರ್ಷದಿಂದ ಅದನ್ನೇ ಮಾಡ್ಕೊಂತ ಬಂದೀನಿ."

"ಯಾಕ?"

"ತಪ್ಪಾದಾಗ."

ಅವರು ಸಣ್ಣ ದನಿಯಲ್ಲಿ ಕೇಳಿದರು, "ನೀನೂ ತಪ್ಪ ಮಾಡ್ತಿದ್ದೇನು?"

"ದಿನಾ ಮಾಡ್ತಿದ್ದೆ. ಯಾರಿಗೂ ಕಾಣ್ದಂಗ ಅಳಿಸಿ ಮತ್ತ ಮೊದ್ಲಿಂದ ಬರೀತಿದ್ದೆ. ನಿಮಗ ಎಂಟರ್ ಒತ್ತಿದ್ದಷ್ಟೇ ಕಾಣ್ತಿತ್ತು."

"ಒಂದ್ ಮಾತು ಹೇಳಬಾರದಾಗಿತ್ತಾ ಮೀನಾ?"

ಧಮ್ಮಶೀಲಾ ಅಲ್ಲೇ ನಿಂತಿದ್ದಳು, ಸೇಟರೂ ಇದ್ದರು. ಸ್ಪೀಕರ್ ಇನ್ನೂ ಆನ್ ಇತ್ತು. ನಾನು ಆರಿಸಲಿಲ್ಲ.

"ಆಕಿ ಹೇಳಿದ್ಳೇನ್ರಿ ನಿಮಗ? ಆಕಿದು ನೀವೇ ನೋಡಿದ್ರಿ."

ಫೋನು ಇಟ್ಟು, ಪ್ರೋಗ್ರಾಮು ಮತ್ತೆ ತೆರೆದು ಬಿಲ್ಟಿ ತೆಗೆಯತೊಡಗಿದೆ. ಧಮ್ಮಶೀಲಾ ಸಿಕ್ಕಾ ಹೊಡೆದಳು. ಕೊನೆಯ ಲಾರಿ ಹೊರಟಾಗ ಹೈವೇ ಮೇಲೆ ಮೊದಲ ಒಲೆಯ ಹೊಗೆ ಏಳುತ್ತಿತ್ತು. ಅವಳು ಮೆಲ್ಲಗೆ, "ಅಕ್ಕಾ, ಆ ಬಾಣದ್ದು ನಾ ಕೇಳಿದ್ದಲ್ರಿ" ಎಂದಳು. ಗೊತ್ತು ಎಂದೆ. ಗೊತ್ತಿದ್ದೇ ಉರಿಯುತ್ತಿತ್ತು.

ಬಸ್ಸಿಲ್ಲದ ದಾರಿಯಲ್ಲಿ ನಮ್ಮವರು ಹೇಗೆ ಬಂದರೋ, ಯಾವ ಹಾಲಿನ ಗಾಡಿ, ಯಾರ ಬೈಕು, ಮೈಯೆಲ್ಲ ಧೂಳು. ಮರುದಿನ ಮಧ್ಯಾಹ್ನ ನನ್ನ ಪಾಳಿಯಲ್ಲಿ ಮನೆಗೂ ಹೋಗದೆ ನೇರ ಆಫೀಸಿಗೆ ಬಂದರು. ಪ್ರೋಗ್ರಾಮು ಸರಿಮಾಡಲು ಬಂದಿದ್ದಾರೆ ಎಂದು ನಾನು ಏಳಹೋದೆ. ಕೂಡು ಎಂದರು. ಒಂದು ಸ್ಟೂಲು ಎಳೆದು ನನ್ನ ಹಿಂದೆ ಕೂತರು. ಬರಿ ಎಂದರು.

ಬರೆದೆ. ಅವರ ಉಸಿರು ಹೆಗಲಿಗೆ ತಾಗುತ್ತಿತ್ತು. ತಾಂಡೂರು ಎಂದು ಬರೆಯುವಾಗಲೇ ಬೆರಳು ತಪ್ಪಿತು, ಬೇಕೆಂದು ಮಾಡಿದ್ದಲ್ಲ. ಬಾಣದ ಕಡೆಗೆ ಕೈ ಹೋಗಲೇ ಇಲ್ಲ. ಹಳೆಯ ರೂಢಿ, ಕಂಟ್ರೋಲ್, ಯು. ಇಡೀ ಸಾಲು ಮಾಯವಾಯಿತು, ಮತ್ತೆ ಮೊದಲಿನಿಂದ ಬರೆದೆ. ಹಿಂದಿನಿಂದ ಅವರು, "ಹಿಂಗಾ?" ಎಂದರು. ಹೂಂ ಎಂದೆ. ಅವರು ಸ್ಟೂಲಿನಿಂದ ಏಳಲಿಲ್ಲ.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಧಮ್ಮಶೀಲಾ ಕರೆದಳು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ, ಸ್ವಲ್ಪ ಬಂದು ನೋಡುತ್ತೀರಾ ಎಂದಳು.

"ತಡಿಯವ್ವ," ಎಂದರು ನನ್ನ ಗಂಡ, ಪರದೆಯಿಂದ ಕಣ್ಣು ಕೀಳದೆ. "ಇಲ್ಲಿ ನೋಡಾಕತ್ತೀನಿ."

ಮುಂದಿನ ಸಾಲನ್ನು ನಾನು ಬೇಕೆಂದೇ ತಪ್ಪಾಗಿ ಶುರು ಮಾಡಿದೆ.