ಯಾವ ಎರ್ರಿಸ್ವಾಮಿ?

ಆ ಭಾನುವಾರ ಮಧ್ಯಾಹ್ನ ಮೂರು ಗಂಟೆಯಿಂದ ಕೊಟ್ರಬಸಮ್ಮ ಒಂದು ಕಡೆ ಕೂತವಳಲ್ಲ. ಸಿರುಗುಪ್ಪದ ಹಿಂದಿ ಮೇಷ್ಟ್ರು ಗುರುರಾಜರು ತಮ್ಮ ಮನೆಯ ಕಟ್ಟೆಯ ಮೇಲೆ ರೇಡಿಯೋ ಇಟ್ಟಿದ್ದರು, ಸುತ್ತ ಅರ್ಧ ಓಣಿಯೇ ನೆರೆದಿತ್ತು. ಅವಳಿಗೆಂದೇ ಒಳಗಿನಿಂದ ಮಣೆ ತಂದು ಹಾಕಿದ್ದರು. ಅದರ ಮೇಲೆ ಅವಳು ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ಬೇವಿನ ಮರದ ತನಕ ಹೋಗುವಳು, ತಿರುಗಿ ಬಂದು ಕಂಬ ಹಿಡಿಯುವಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಹಗ್ಗ ಮಾಡಿಬಿಟ್ಟಿದ್ದಳು.

ಓಣಿಯವರಿಗೆ ಅದು ಹಿಗ್ಗಿನ ಚಡಪಡಿಕೆಯಂತೆ ಕಂಡಿತು. ಕಾಣದೆ ಏನು? ನೆರೆಯ ಐದು ದೇಶಗಳ ಕಿರಿಯರ ಫುಟ್‌ಬಾಲ್ ಚಾಂಪಿಯನ್‌ಶಿಪ್ಪು. ಕಠ್ಮಂಡುವಿನಲ್ಲಿ ಫೈನಲ್ಲು. ಒಂದು ಕಡೆ ನೇಪಾಳ, ಇನ್ನೊಂದು ಕಡೆ ಭಾರತ. ಭಾರತದ ಗೋಲು ಕಾಯಲು ನಿಂತವನು ಇದೇ ಓಣಿಯ ಎರ್ರಿಸ್ವಾಮಿ! ಅಕ್ಕಿ ಗಿರಣಿಯ ಹಿಂದೆ ತೌಡಿನ ಚೀಲಗಳ ಮೇಲೆ ಹಾರಿ ಬಿದ್ದು ಚೆಂಡು ಹಿಡಿಯುವುದನ್ನು ಕಲಿತ ಹುಡುಗ. 1983ನೆಯ ಇಸವಿಯ ತನಕ ಸಿರುಗುಪ್ಪದ ಹೆಸರು ದೂರದ ಊರು ಕಂಡಿದ್ದರೆ ಅದು ಅಕ್ಕಿ ಚೀಲದ ಮೇಲೆ ಮಾತ್ರ. ಈಗ ರೇಡಿಯೋದಲ್ಲಿ ಹಿಂದಿಯವನೊಬ್ಬ ಆ ಹುಡುಗನ ಹೆಸರನ್ನು ನಾಲಿಗೆ ತಿರುಗದೆ ಒದ್ದಾಡಿಕೊಂಡು ಹೇಳುತ್ತಿದ್ದ. ಅವನು ಹೇಳಿದಾಗಲೆಲ್ಲ ಜನ ಶಿಳ್ಳೆ ಹೊಡೆಯುತ್ತಿದ್ದರು.

"ಕುಂದ್ರು ಕೊಟ್ರಬಸಮ್ಮ. ನಿನ್ನ ಮಗ ಕಲ್ಲು ನಿಂತಂಗ ನಿಂತಾನ. ಒಂದೂ ಗೋಲು ಬಿಟ್ಟಿಲ್ಲ," ಎಂದು ಗುರುರಾಜ ಮೇಷ್ಟ್ರು ಹಿಂದಿಯನ್ನು ಕನ್ನಡಕ್ಕೆ ಇಳಿಸುವ ನಡುವೆ ಧೈರ್ಯ ಹೇಳಿದರು.

"ಅವ ಚಲೋ ಅದಾನೇನ್ರಿ ಸಾರ್?"

"ಚಲೋ ಆಡಾಕತ್ಯಾನ ಅಂತಾರ."

"ಆಟ ಅಲ್ರಿ. ಅವ ಚಲೋ ಅದಾನಾ?"

ಮೇಷ್ಟ್ರು ನಕ್ಕರು. ಗೆಲುವು ಸೋಲು ಕಟ್ಟಿಕೊಂಡು ಅವಳಿಗೆ ಏನಾಗಬೇಕಿತ್ತು? ಹದಿನೈದು ದಿನದ ಹಿಂದೆ ಬಳ್ಳಾರಿಯಲ್ಲಿ ಅವಳು ಆಡಬಾರದ ಒಂದು ಮಾತು ಆಡಿ ಬಂದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಮಗನ ಬೆನ್ನು ಹತ್ತಿ ಕಠ್ಮಂಡುವಿಗೆ ಹೋಗಿದೆಯೇನೋ ಎಂಬುದೊಂದೇ ಅವಳ ಸಂಕಟ.

ಕೊಟ್ರಬಸಮ್ಮನ ಚೊಚ್ಚಲ ಮಗನ ಹೆಸರೂ ಎರ್ರಿಸ್ವಾಮಿಯೇ. ಎರಡು ವರ್ಷದ ಕೂಸನ್ನು ಕಟ್ಟಿಕೊಂಡು ತವರುಮನೆ ಕುರುಗೋಡಿಗೆ ಹೋಗಿದ್ದಳು. ಅಲ್ಲಿ ದಡಾರ ಎದ್ದು ಮೂರೇ ದಿನಕ್ಕೆ ಕೂಸು ಹೋಯಿತು. ಮುಂದೆ ಎರಡು ವರ್ಷಕ್ಕೆ ಇನ್ನೊಂದು ಗಂಡು ಹುಟ್ಟಿತು. ಅತ್ತೆ ಜಂಬಮ್ಮ ಇದಾದರೂ ಉಳಿಯಲೆಂದು ಅದನ್ನು ತಿಪ್ಪೆಯ ಮೇಲೆ ಉರುಳಿಸಿ, ಮೂಗು ಚುಚ್ಚಿಸಿ, ಹೋದವನ ಹೆಸರನ್ನೇ ಇಟ್ಟಳು. ಇಟ್ಟು ಸೊಸೆಯ ಮುಖಕ್ಕೆ ಬೆರಳು ತೋರಿಸಿ ಹೇಳಿದಳು: "ಅವನೇ ಹೊಳ್ಳಿ ಬಂದಾನ. ಹೋಗಿದ್ದ, ಬಂದ, ಮುಗೀತು. ಅವ ಸತ್ತ ಅಂತ ಹಡದ ಬಾಯಿಲೆ ಎಂದೂ ಅನ್ನಬ್ಯಾಡ. ಅಂದೀ ಅಂದ್ರ ಇವನೂ ಕೇಳಿಸ್ಕಂಡು ಎದ್ದು ಹೋಗ್ತಾನ ನೋಡು."

ಅಂದಿನಿಂದ ಆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಹುಡುಗನನ್ನು ಶಾಲೆಗೆ ಹಾಕುವಾಗ ಹುಟ್ಟಿದ ಚೀಟಿ ಕೇಳಿದರು, ಕೊಟ್ರಬಸಮ್ಮ ಟ್ರಂಕಿನಿಂದ ಮೊದಲನೆಯವನ ಚೀಟಿ ತೆಗೆದು ಕೊಟ್ಟಳು. ಮೋಸ ಮಾಡಬೇಕೆಂದಲ್ಲ. ಹೊಳ್ಳಿ ಬಂದವನಿಗೆ ಹೊಸ ಚೀಟಿ ಏಕೆಂದು ಎರಡನೆಯವನ ಹುಟ್ಟನ್ನು ಎಲ್ಲೂ ಬರೆಸಿಯೇ ಇರಲಿಲ್ಲ. ನಗುವವರು ನಗಲಿ. ಕೂಸನ್ನು ಮಣ್ಣಿಗೆ ಕೊಟ್ಟವಳಿಗೆ ಒಂದು ಚೀಟಿ ಎರಡು ಮಕ್ಕಳಿಗೆ ಸಾಕಾಗುತ್ತದೆ. ಚೀಟಿಯ ವಯಸ್ಸಿನ ಲೆಕ್ಕದಲ್ಲಿ ಮೇಲಿನ ತರಗತಿಗೆ ಬಿದ್ದು, ಎಲ್ಲರಿಗಿಂತ ಗಿಡ್ಡನಾಗಿ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹುಡುಗ, ಅಷ್ಟೆ.

ಆ ಚೀಟಿ ಹದಿನೆಂಟನೆಯ ವರ್ಷಕ್ಕೆ ಅಡ್ಡ ಬಂತು. ಬಳ್ಳಾರಿಯ ಮೈದಾನದಲ್ಲಿ ಹುಡುಗರಿಗೆ ಚೆಂಡಾಟ ಕಲಿಸುತ್ತಿದ್ದ ವಾಸುದೇವರು ಸಿರುಗುಪ್ಪದ ತನಕ ಬಂದು ವಿಷಯ ಬಿಚ್ಚಿ ಹೇಳಿದರು. ಹುಡುಗ ತಂಡಕ್ಕೆ ಆಯ್ಕೆಯಾಗಿದ್ದಾನೆ. ಆದರೆ ಹತ್ತೊಂಬತ್ತು ದಾಟಿದವರು ಆಡುವಂತಿಲ್ಲ, ಚೀಟಿಯ ಪ್ರಕಾರ ಇವನಿಗೆ ಇಪ್ಪತ್ತೆರಡು. ಆ ಚೀಟಿ ಸತ್ತ ಅಣ್ಣನದು ಎಂಬುದು ಓಣಿಗೆಲ್ಲ, ಹುಡುಗನಿಗೂ ಗೊತ್ತು; ಅದನ್ನೇ ಹೆತ್ತವರು ಪ್ರಮಾಣ ಮಾಡಿ ಬರೆದುಕೊಡಬೇಕು. ಅಪ್ಪ ಮರಿಬಸಪ್ಪ ಲಾರಿ ಡ್ರೈವರು, ಅಕ್ಕಿ ಲೋಡು ಹೊತ್ತು ಯಾವ ರಾಜ್ಯದ ಯಾವ ರಸ್ತೆಯಲ್ಲಿದ್ದನೋ ಗೊತ್ತಿಲ್ಲ. ಉಳಿದವಳು ಅವ್ವ. ಗುರುವಾರ ಸಂಜೆಯೊಳಗೆ ಕಾಗದ ಕೈಗೆ ಸಿಗದಿದ್ದರೆ ಬೇರೆ ಹುಡುಗನನ್ನು ಕಳಿಸುತ್ತಾರೆ.

ಅವಳು ಒಲ್ಲೆ ಎಂದಳು. ಎರಡು ದಿನ ಒಲ್ಲೆ ಎಂದಳು. ಏಕೆ ಎಂದು ಹೇಳಲಿಲ್ಲ. ಹೇಳಬೇಕಾದರೂ ಅದೇ ಮಾತು ಬಾಯಿಗೆ ಬರುತ್ತಿತ್ತಲ್ಲ. ಎರಡನೆಯ ದಿನ ಮಗ ಉಣ್ಣುವ ಗಂಗಾಳವನ್ನು ದೂಡಿ ಎದ್ದ.

"ಇಷ್ಟು ವರ್ಷ ನೀ ರೊಟ್ಟಿ ಬಡದು ಹಾಕಿದ್ದು ಅವಗ. ಅಂಗಿ ಹೊಲಿಸಿದ್ದು ಅವಗ. ನನಗ ಏನ್ ಕೊಟ್ಟೀಯವ್ವ? ಹೆಸರೂ ಅವಂದ, ಚೀಟಿನೂ ಅವಂದ. ಸತ್ತಾವಗ ಇರೋ ಬೆಲಿ ಇದ್ದಾವಗಿಲ್ಲ."

ನಿನಗೇನಾದರೂ ಆದರೆ ಎಂದೇ ಬಾಯಿ ಕಟ್ಟಿಕೊಂಡು ಕೂತಿದ್ದೇನೆ ಕಣೋ ಎಂದು ಅವಳಿಗೆ ಕೂಗಬೇಕೆನಿಸಿತು. ಗುರುವಾರ ಬೆಳಿಗ್ಗೆ ಮಗನಿಗಿಂತ ಮೊದಲೇ ಎದ್ದು, ಅವನನ್ನೂ ಎಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಬಳ್ಳಾರಿಯ ಕೋರ್ಟಿನ ಹೊರಗೆ ಮರದ ಕೆಳಗೆ ಟೈಪ್ ಮಿಷನ್ ಇಟ್ಟುಕೊಂಡ ವೆಂಕಣ್ಣ ಮೂಗಿನ ತುದಿಯ ಕನ್ನಡಕದ ಮೇಲಿಂದ ಅವಳನ್ನು ನೋಡಿದ.

"ತೀರಿಕೊಂಡ ಮಗನ ಹೆಸರು ಹೇಳಮ್ಮ."

"ಎರ್ರಿಸ್ವಾಮಿ."

"ಜೀವಂತ ಇರೋ ಮಗ?"

"ಎರ್ರಿಸ್ವಾಮಿ."

ಅವನ ಕೈ ನಿಂತಿತು. "ಏನಮ್ಮ ಇದು? ಸತ್ತಿದ್ದು ಯಾವ ಎರ್ರಿಸ್ವಾಮಿ?"

ಮಗ ಪಕ್ಕದಲ್ಲೇ ನಿಂತಿದ್ದ. ಅವಳು ಅವನ ಮುಖ ನೋಡಲಿಲ್ಲ. ಅವಳ ಬಾಯಿಂದ ಉತ್ತರವೂ ಬರಲಿಲ್ಲ. ವೆಂಕಣ್ಣನೇ ಬೇಸತ್ತು, "ದೊಡ್ಡಾವ ಸತ್ತಾನ, ಸಣ್ಣಾವ ಅದಾನ. ಹಂಗ ಬಡೀಲೇನು?" ಎಂದ. ಬಡಿದ. ಒಳಗೆ ನೋಟರಿಯ ಮೇಜಿನ ಮುಂದೆ ಅವಳನ್ನು ನಿಲ್ಲಿಸಿ ಪ್ರಮಾಣ ಹೇಳಿಸಿದರು. "ನನ್ನ ದೊಡ್ಡ ಮಗ ಸತ್ತಾನ," ಎಂದಳು. ಹೆಬ್ಬೆಟ್ಟು ಒತ್ತಿದಳು. ಅದೇ ಸಂಜೆ ಮಗ ರೈಲು ಹತ್ತಿದ. ಹತ್ತುವಾಗ ಅವನ ಮುಖದಲ್ಲಿದ್ದ ಸಂತೋಷವನ್ನು ನೋಡಿ ಅವಳಿಗೆ ಅಳು ಬಂತು.

ಅದಾಗಿ ಹದಿನೈದು ದಿನ ಹೀಗೇ ಒಳಗೆ ಹೊರಗೆ ತಿರುಗಾಡಿದ್ದಳು.

ಪಂದ್ಯ ಮುಗಿಯಲು ಹತ್ತು ನಿಮಿಷ ಇತ್ತು. ಎರಡೂ ಕಡೆ ಗೋಲಿಲ್ಲ. ರೇಡಿಯೋದವನ ದನಿ ಇದ್ದಕ್ಕಿದ್ದಂತೆ ಏರಿತು, ಎರ್ರಿಸ್ವಾಮಿಯ ಹೆಸರು ಬಂತು, ಜನ ಶಿಳ್ಳೆ ಹಾಕಲು ಬಾಯಿ ತೆರೆದರು. ದನಿ ಹಾಗೇ ಇಳಿದುಹೋಯಿತು. ಗುರುರಾಜ ಮೇಷ್ಟ್ರು ಕನ್ನಡ ಹೇಳಲಿಲ್ಲ.

"ಏನಂತಾನ್ರಿ ಸಾರ್?"

"ಏನಿಲ್ಲ. ಚೆಂಡು ಹೊರಗ ಹೋತು."

ಮೇಷ್ಟ್ರಿಗೆ ಹಿಂದಿ ಬರುತ್ತಿತ್ತು, ಸುಳ್ಳು ಬರುತ್ತಿರಲಿಲ್ಲ. ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. ಕೊಟ್ರಬಸಮ್ಮ ಅವರ ಎದುರಿಗೆ ಬಂದು ನಿಂತಳು.

"ನಿಮ್ಮ ರಾಯರ ಆಣಿ ಐತಿ. ಹೇಳ್ರಿ."

"ಚೆಂಡಿಗೆ ಹಾರಿದ. ಎದುರಿಗಿನಾವ್ನ ಮೊಣಕಾಲು ತಲಿಗೆ ಬಡೀತು. ಎತ್ತಿಕೊಂಡು ಹೋದ್ರಂತ. ಎದ್ದಿಲ್ಲ ಅಂದ. ಅಷ್ಟ ಹೇಳಿದ."

ಬದಲಿಗೆ ಬೇರೊಬ್ಬನನ್ನು ಇಳಿಸಿದರು. ಆಮೇಲೆ ಹೊತ್ತು ಮುಗಿಯಿತೆಂದು ರೇಡಿಯೋದವರು ಆಟವನ್ನು ಅಲ್ಲಿಗೇ ಬಿಟ್ಟು ಸಿತಾರ್ ಹಚ್ಚಿದರು. ಓಣಿಯವರು ರೇಡಿಯೋವನ್ನು ಬೈದರು, ತಿರುಗಿಸಿದರು, ಬಡಿದರು. ಅವಳು ಆಗಲೇ ದಾರಿ ಹಿಡಿದಿದ್ದಳು. ಬಳ್ಳಾರಿಯಲ್ಲಿ ವಾಸುದೇವರ ಮನೆಯ ಎದುರು ಬಟ್ಟೆ ಅಂಗಡಿಯಲ್ಲಿ ಫೋನು ಇತ್ತು, ತಂಡದವರು ಏನಿದ್ದರೂ ಅಲ್ಲಿಗೇ ತಿಳಿಸುತ್ತಿದ್ದರು. ಸಿರುಗುಪ್ಪದಲ್ಲಿ ಆ ಹೊತ್ತಿಗೆ ಸಿಕ್ಕದ್ದು ಕುರುಗೋಡಿನ ಮೇಲೆ ಹೋಗುವ ಬಸ್ಸು.

ಬಸ್ಸು ಕುಂಟುತ್ತಾ ಹೋಯಿತು. ಪ್ರತಿ ಊರಲ್ಲೂ ನಿಂತಿತು, ಕೈ ಅಡ್ಡ ಹಿಡಿದವರಿಗೆಲ್ಲ ನಿಂತಿತು. ಅವಳಿಗೆ ಇಳಿದು ಓಡಬೇಕೆನಿಸುತ್ತಿತ್ತು. ನಾನೇ ಅಂದೆ, ನನ್ನ ಬಾಯಿಂದಲೇ ಅಂದೆ, ಅವನು ಕೇಳಿಸಿಕೊಂಡ. ಇದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕುರುಗೋಡಿನಲ್ಲಿ ಡ್ರೈವರು ಚಾ ಕುಡಿಯಲು ಇಳಿದ. ಊರ ಹಿಂದಿನ ಗುಡ್ಡಕ್ಕೆ ಇಳಿಬಿಸಿಲು ಬಿದ್ದಿತ್ತು. ಅದನ್ನು ನೋಡಿದಳು. ತವರಿಗೆ ಎಷ್ಟು ಸಲ ಬಂದರೂ ಕೂಸನ್ನು ಒಯ್ದಿದ್ದ ಆ ಗುಡ್ಡದ ಕಡೆ ಅವಳು ತಲೆ ಎತ್ತಿರಲಿಲ್ಲ. ಇಳಿದೇಬಿಟ್ಟಳು. ಬಸ್ಸು ಅವಳನ್ನು ಬಿಟ್ಟು ಹೋಯಿತು.

ತವರುಮನೆಯಲ್ಲಿ ಅವಳ ಅಣ್ಣ ಗಾದಿಲಿಂಗಪ್ಪ ದನಕ್ಕೆ ಮೇವು ಹಾಕುತ್ತಿದ್ದ. ತಂಗಿಯ ಮುಖ ಕಂಡು ಮೇವಿನ ಹೊರೆ ಅಲ್ಲೇ ಬಿಟ್ಟ.

"ಅಣ್ಣ, ಅವನ್ನ ಎಲ್ಲಿ ಇಟ್ಟೀರಿ? ತೋರಿಸು."

ಯಾರನ್ನು ಎಂದು ಅವನು ಕೇಳಲಿಲ್ಲ. ಇಪ್ಪತ್ತು ವರ್ಷದಿಂದ ಈ ಮಾತಿಗೇ ಕಾದಿದ್ದವನಂತೆ ಮುಂದೆ ನಡೆದ. ಗುಡ್ಡದ ಬುಡದಲ್ಲಿ ಒಂದು ಹುಣಸೆಗಿಡ, ಅದರ ಕೆಳಗೆ ತಲೆಯ ಕಡೆಗೆ ಇಟ್ಟ ಒಂದು ಗುಂಡುಗಲ್ಲು. ಸುತ್ತ ಕಸವಿರಲಿಲ್ಲ, ಯಾರೋ ಗುಡಿಸಿದ್ದರು. ಅಣ್ಣ ತುಸು ದೂರ ಹೋಗಿ ಬೆನ್ನು ಮಾಡಿ ನಿಂತುಕೊಂಡ. ಪ್ರತಿ ಅಮಾವಾಸ್ಯೆಗೆ ಗುಡಿಸುತ್ತಿದ್ದವನು ಅವನೇ ಎಂದು ಅವಳಿಗೆ ಗೊತ್ತಾಯಿತು.

ಕೊಟ್ರಬಸಮ್ಮ ನೆಲಕ್ಕೆ ಕೂತಳು. ಆ ದಿನ ಅವಳು ಮೈಬಿಟ್ಟು ಕೂತದ್ದು ಆಗಲೇ.

"ಎರ್ರಿಸ್ವಾಮಿ," ಎಂದಳು. "ನಿಮ್ಮವ್ವ ಬಂದೀನಿ. ನೀ ನನ್ನ ಮನ್ಯಾಗ ಅದೀ, ರೊಟ್ಟಿ ತಿಂತೀ, ಸಾಲಿಗೆ ಹೋಗ್ತೀ ಅಂತ ತಿಳ್ಕಂಡು ಇಲ್ಲಿಗೆ ಬರಲಿಲ್ಲಪ್ಪ. ನೀ ಇಲ್ಲೇ ಇದ್ದಿ. ಒಬ್ಬನೇ ಇದ್ದಿ. ತಪ್ಪಾತು." ಕಲ್ಲಿನ ಮೇಲೆ ಕೈಯಿಟ್ಟಳು, ಅದಿನ್ನೂ ಬಿಸಿಲಿಗೆ ಬೆಚ್ಚಗಿತ್ತು. "ನೀ ಸತ್ತೀ. ಅಲ್ಲಿ ಕಾಗದಕ್ಕ ಹೇಳಿದ್ದೆ, ಇಲ್ಲಿ ನಿನಗ ಹೇಳ್ತೀನಿ. ಅಲ್ಲಿ ಇರಾವ ನೀನಲ್ಲ, ನಿನ್ನ ತಮ್ಮ. ನೀ ಕಂಡಿಲ್ಲ ಅವನ್ನ. ನಿನ್ನ ಹೆಸರು ಇಸಗಂಡಾನಂತ ಸಿಟ್ಟಿದ್ರ ಆ ಹೆಸರಿಲೆ ಕರದಾಕಿ ನಾನು, ನನ್ನ ಮ್ಯಾಲ ತೀರಿಸ್ಕ. ಅವನ್ನ ಕರೀಬ್ಯಾಡ. ಬಿಡೋ ನನ್ನಪ್ಪ, ಬಿಡು."

ಆಮೇಲೆ ಬಾಯಿಬಿಟ್ಟು ಅತ್ತಳು. ಹೋದ ಕೂಸಿಗಾಗಿ, ಅತ್ತೆಯ ಮಾತಿಗೆ ಹೆದರಿ ಇಷ್ಟು ವರ್ಷ ನುಂಗಿದ ಅಳು ಅದು. ಅಣ್ಣ ಬಂದು ರಟ್ಟೆ ಹಿಡಿದು ಎಬ್ಬಿಸುವ ತನಕ ಅತ್ತಳು.

ಮರುದಿನ ಮೊದಲ ಬಸ್ಸಿಗೆ ಬಳ್ಳಾರಿ ಮುಟ್ಟಿದಳು. ವಾಸುದೇವರು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಪೇಪರು ಹಿಡಿದು ಕೂತಿದ್ದರು.

"ಒಂದು ಗೋಲಿಂದ ಸೋತ್ವಿ ಅಮ್ಮ," ಎಂದರು.

"ಸೋಲ್ಲಿ ಬಿಡ್ರಿ. ಹುಡುಗ?"

"ದವಾಖಾನಿಗೆ ಸೇರ್ಸ್ಯಾರಂತ ಪೇಪರ್‌ನಾಗ ಐತಿ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಟ್ರಂಕ್ ಕಾಲ್ ಬುಕ್ ಮಾಡೀನಿ."

ಅಂಗಡಿಯವರು ಬಾಗಿಲು ತೆರೆದರು, ಕಸ ಹೊಡೆದರು, ಊದಿನಕಡ್ಡಿ ಹಚ್ಚಿದರು. ಫೋನು ಎರಡು ಸಲ ಬಡಿದುಕೊಂಡಿತು. ಎರಡು ಸಲವೂ ಬೇರೆಯವರದು. ಅವಳು ಮೆಟ್ಟಿಲು ಇಳಿದಳು, ಹತ್ತಿದಳು, ಎದುರಿನ ನಳದಲ್ಲಿ ಮುಖ ತೊಳೆದಳು, ಮತ್ತೆ ತೊಳೆದಳು. ಹತ್ತೂವರೆಗೆ ಮೂರನೆಯ ಸಲ ಬಡಿಯಿತು. ವಾಸುದೇವರು ಕಿವಿಗಿಟ್ಟು ಅರಚಾಡಿದರು, ಅವರ ಕಣ್ಣು ತುಂಬಿತು, ಮಾತು ಹೊರಡದೆ ಅದನ್ನು ಅವಳ ಕೈಗೆ ಕೊಟ್ಟುಬಿಟ್ಟರು.

ಕೊಟ್ರಬಸಮ್ಮ ಹುಟ್ಟಿದ ಮೇಲೆ ಫೋನು ಮುಟ್ಟಿದವಳಲ್ಲ. ವಾಸುದೇವರ ಕಣ್ಣೀರು ಯಾವ ತರದ್ದು ಎಂದೂ ಅವಳಿಗೆ ತಿಳಿಯಲಿಲ್ಲ. ಕಪ್ಪನೆಯ ಆ ವಸ್ತುವಿನೊಳಗೆ ಗಾಳಿ ಬೀಸಿದಂತೆ ಸದ್ದು. ಅದರ ಆಚೆ, ಬಲು ದೂರದಲ್ಲಿ, ಒಂದು ದನಿ.

"ಅವ್ವಾ... ಅವ್ವಾ... ನಾನು, ಎರ್ರಿಸ್ವಾಮಿ."

ನಿನ್ನೆ ಸಂಜೆ ಆ ಹೆಸರು ಹಿಡಿದು ಗುಡ್ಡದ ಬುಡದಲ್ಲಿ ಕರೆದು ಬಂದಿದ್ದಳಲ್ಲವೇ? ಇಬ್ಬರಲ್ಲಿ ಓಗೊಟ್ಟವನು ಯಾರು?

"ಯಾವ ಎರ್ರಿಸ್ವಾಮಿ?" ಎಂದಳು.

ಅಂಗಡಿಯವರು ತಿರುಗಿ ನೋಡಿದರು. ಕೋರ್ಟಿನ ಮರದ ಕೆಳಗೆ ವೆಂಕಣ್ಣ ಕೇಳಿದ್ದನ್ನು, ಅವ್ವ ಬಾಯಿ ಬಾರದೆ ನಿಂತದ್ದನ್ನು ಮಗನೂ ಕಂಡಿದ್ದ. ಅವನ ದನಿ ಮೆತ್ತಗೆ ಬಂತು.

"ಸಣ್ಣಾವ, ಅವ್ವ. ತಲಿಗೆ ನಾಕು ಹೊಲಿಗಿ ಹಾಕ್ಯಾರ. ಚಲೋ ಅದೀನಿ. ನಾನು ನಿನ್ನ ಸಣ್ಣಾವ."

ಅವಳು ಅಂಗಡಿಯ ಗೋಡೆಗೆ ಒರಗಿ ಮೆಲ್ಲಗೆ ಜಾರಿ ನೆಲಕ್ಕೆ ಕೂತಳು. ಫೋನಿನ ವೈರು ಎಳೆದುಕೊಂಡು ಬಂತು.

"ಲಗೂನ ಬಾ ಮಗನ," ಎಂದಳು. "ಕುರುಗೋಡಿಗೆ ಹೋಗೋಣ. ನಿಮ್ಮಣ್ಣನ್ನ ತೋರಸ್ತೀನಿ."